ತೂತಿನ ಪಿಸ್ತೂಲು ಮತ್ತು ಚಂಗಪ್ಪನವರ ಅಂಗೈ

ಗಲ್ಫಿನಲ್ಲಿ ಏನು ಕೆಲಸ ಎಂದು ಕೇಳಿದವರಿಗೆ ಮೊದಮೊದಲು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಪಿಸ್ತೂಲು ಬಿಚ್ಚುವುದು, ಉಜ್ಜುವುದು, ಎಣ್ಣೆ ಹಾಕುವುದು, ಮತ್ತೆ ಜೋಡಿಸುವುದು. ಇಷ್ಟು ಕೇಳುವಷ್ಟರಲ್ಲಿ ಎದುರಿನವರ ಮುಖ ಬದಲಾಗುತ್ತಿತ್ತು. ಒಂದು ಮದುವೆಯಲ್ಲಿ ಪಕ್ಕದಲ್ಲಿ ಕುಳಿತಿದ್ದವರು ಬಿರಿಯಾನಿ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೇ ಹೋದರು. ಆಮೇಲೆ ‘ಮೆಕ್ಯಾನಿಕ್’ ಎಂದು ಹೇಳಿ ಮುಗಿಸುವ ಅಭ್ಯಾಸ ಮಾಡಿಕೊಂಡೆ. ಕಾರಿನದ್ದೋ ಎಸಿಯದ್ದೋ ಎಂದು ಯಾರೂ ಕೇಳಲಿಲ್ಲ.

ಈಗ ನಿವೃತ್ತಿಯಾಗಿದೆ, ಹೇಳಬಹುದು. ಅಬುಧಾಬಿಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಕ್ಲಬ್ಬಿನ ಕೋವಿಗಳಿಗೆ ವೈದ್ಯನೂ ಅವನೇ, ಕಾವಲುಗಾರನೂ ಅವನೇ. ಮೊದಲು ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡಿಕೊಂಡಿದ್ದವನು ಅಲ್ಲಿಂದ ಈ ಕ್ಲಬ್ಬಿಗೆ ಬಂದೆ. ಬಡ್ತಿಯ ಕಥೆ ಬಿಡಿ, ಒಂದೆರಡು ಸಲ ಕುರ್ಚಿ ಬದಲಾಯಿತು, ಅಷ್ಟೆ. ಕೀಲಿಕೈ ಗೊಂಚಲನ್ನು ಹೊಸಬರಿಗೆ ಒಪ್ಪಿಸಿ ಹೊರಬಂದ ದಿನ ಪಾರ್ಕಿಂಗ್ ಜಾಗದಲ್ಲಿ ನಿಂತು ಉದ್ದಕ್ಕೆ ಒಂದು ಉಸಿರು ಬಿಟ್ಟೆ. ನಾನು ಸರ್ವಿಸ್ ಮಾಡಿದ ಯಾವ ಪಿಸ್ತೂಲಿನಿಂದಲೂ ಯಾರ ಜೀವವೂ ಹೋಗಿಲ್ಲ, ಅಲ್‌ಹಮ್ದುಲಿಲ್ಲಾಹ್. ಊರಿಗೆ ಬಂದ ಮೇಲೆ ನನಗಾದ ಮೊದಲ ಲಾಭ ನಿದ್ದೆ.

ನಮ್ಮ ಕಡೆಯ ಕೆಲವರು ಈಗ ಇಂಥದೇ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರು ಅಲ್ಲಿಂದ ಫೋನ್ ಮಾಡಿ ಕೇಳುವ ಪ್ರಶ್ನೆಗಳಲ್ಲಿ ಒಂದು ಪದೇ ಪದೇ ಬರುತ್ತದೆ. ಸಣ್ಣ ಪಿಸ್ತೂಲಿಗೆ ಪೋರ್ಟೆಡ್ ಬ್ಯಾರೆಲ್ ಒಳ್ಳೆಯದೋ, ಬೇಡವೋ? ಇಂಟರ್ನೆಟ್ಟಿನಲ್ಲಿ ಈ ವಿಷಯಕ್ಕೆ ತಲೆ ತಲೆ ಗುದ್ದಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಗೊತ್ತಿರುವುದೆಲ್ಲ ಚಂಗಪ್ಪ ಎಂಬ ಒಬ್ಬ ಮನುಷ್ಯನ ಅಂಗೈಯಿಂದ ಕಲಿತದ್ದು. ಆದ್ದರಿಂದ ಅವರಿಂದಲೇ ಶುರುಮಾಡುತ್ತೇನೆ.

ಚಂಗಪ್ಪ ವಿರಾಜಪೇಟೆಯ ಕಡೆಯವರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾಗಿ ನಮ್ಮ ಕ್ಲಬ್ಬಿಗೆ ಇನ್‌ಸ್ಟ್ರಕ್ಟರ್ ಆಗಿ ಬಂದಿದ್ದರು. ಅವರ ಮನೆಮಾತು ಕೊಡವ ತಕ್ಕ್, ನನ್ನದು ಬ್ಯಾರಿ. ನಡುವೆ ಕನ್ನಡ ಇತ್ತು, ಜಗಳವಾಡಲು ಅದು ಧಾರಾಳ ಸಾಕಾಗುತ್ತಿತ್ತು. ಪಿಸ್ತೂಲು ಸ್ವಚ್ಛ ಮಾಡುವುದರಲ್ಲಿ ಅವರಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ, ಚಹಾ ಮಾಡುವುದರಲ್ಲಿ ನನಗೆ ಅವರ ಮೇಲೆ ಇರಲಿಲ್ಲ. ಇಬ್ಬರೂ ಬನಿಯಾಸ್ ಎಂಬ ಬಡಾವಣೆಯಲ್ಲಿ ಹತ್ತಿರ ಹತ್ತಿರದ ಕಟ್ಟಡಗಳಲ್ಲಿ ಇದ್ದೆವು. ಅವರ ಹೆಂಡತಿಯೂ ಮಗಳೂ ಜೊತೆಗಿದ್ದರು, ನನ್ನ ಸಂಸಾರ ಊರಿನಲ್ಲಿತ್ತು.

ನಮ್ಮಿಬ್ಬರ ಮೇಲೆ ಇದ್ದವರು ಬೂ ಸಯೀದ್. ಅಲ್ಲಿಯವರೇ, ಸೇನೆಯಲ್ಲಿ ಅಧಿಕಾರಿಯಾಗಿದ್ದವರು, ಕ್ಲಬ್ಬಿನ ಮ್ಯಾನೇಜರ್. ಅರಬ್ಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಬೈಯುತ್ತಿದ್ದರು. ಬೈದ ಮೇಲೆ ಖರ್ಜೂರದ ಡಬ್ಬಿ ಮುಂದೆ ತಳ್ಳುತ್ತಿದ್ದರು. ಒಂದು ಅವಘಡ ಆಯಿತೋ, ಮರುದಿನ ಬೆಳಿಗ್ಗೆ ಅದಕ್ಕೊಂದು ಹೊಸ ಹುಕುಂ ಸಿದ್ಧವಾಗಿರುತ್ತಿತ್ತು. ‘ಖಲಾಸ್’ ಎಂದರೆ ಅಲ್ಲಿಗೆ ಮಾತು ಮುಗಿಯಿತು.

ಅಂಥ ಒಂದು ಹುಕುಮಿನ ಕಥೆ ಕೇಳಿ. ಪಿಸ್ತೂಲು ಹಾರಿಸಿದಾಗ ಖಾಲಿ ತೋಟೆ ಪಕ್ಕಕ್ಕೆ ಸಿಡಿಯುತ್ತದೆ, ಅದು ಆಗ ತಾನೇ ಬಾಣಲೆಯಿಂದ ತೆಗೆದ ವಡೆಯಷ್ಟು ಬಿಸಿ. ಒಬ್ಬ ಪ್ರವಾಸಿ ಮಹಾಶಯ ಅಂಗಿಯ ಗುಂಡಿ ಬಿಚ್ಚಿಕೊಂಡು ಬಂದಿದ್ದ. ತೋಟೆ ಸೀದಾ ಅವನ ಕತ್ತಿನ ಪಟ್ಟಿಯೊಳಗೆ ಇಳಿಯಿತು. ಮನುಷ್ಯ ಕುಣಿಯತೊಡಗಿದ. ಕುಣಿಯಲಿ, ಬೇಡವೆನ್ನುವವರಾರು? ಆದರೆ ಕೈಯಲ್ಲಿ ತುಂಬಿದ ಪಿಸ್ತೂಲಿತ್ತು, ಬೆರಳು ಟ್ರಿಗರಿನ ಮೇಲಿತ್ತು, ಮೂತಿ ಒಮ್ಮೆ ಛಾವಣಿಗೆ, ಒಮ್ಮೆ ಗಾಜಿನಾಚೆ ಕುಳಿತಿದ್ದ ಅವನ ಹೆಂಡತಿಯ ಕಡೆಗೆ ತಿರುಗುತ್ತಿತ್ತು. ಚಂಗಪ್ಪ ಒಂದೇ ನೆಗೆತಕ್ಕೆ ಪಿಸ್ತೂಲಿನ ಮೇಲೆ ಕೈಯೊತ್ತಿ ಮೂತಿಯನ್ನು ಗುರಿಹಲಗೆಯ ಕಡೆ ತಿರುಗಿಸಿ ಹಿಡಿದರು. ಆಮೇಲೆ ಅವನ ಅಂಗಿಯನ್ನು ಹೊರಗೆಳೆದು ತೋಟೆ ಉದುರಿಸಿದ್ದೂ ಅವರೇ. ಅದನ್ನು ನೆನೆದು ನಾವು ತಿಂಗಳುಗಟ್ಟಲೆ ನಕ್ಕೆವು, ಆದರೆ ಅಂದು ನಗು ಬಂದಿರಲಿಲ್ಲ.

ಮರುದಿನ ಹುಕುಂ ಬಂತು. ಇನ್ನು ಮುಂದೆ ಹೊಸಬರು ಗುಂಡು ಹಾರಿಸುವಾಗ ಇನ್‌ಸ್ಟ್ರಕ್ಟರ್ ಅವರ ಬಲಭುಜದ ಹಿಂದೆ ನಿಂತು, ತನ್ನ ಬಲ ಅಂಗೈಯನ್ನು ಪಿಸ್ತೂಲಿನ ತುದಿಯ ಮೇಲೆ ನಾಲ್ಕು ಬೆರಳಿನ ಎತ್ತರದಲ್ಲಿ ಕೊಡೆಯಂತೆ ಹಿಡಿದಿರಬೇಕು. ಮೂತಿ ಎಲ್ಲಿಗಾದರೂ ತಿರುಗಿದರೆ ತಕ್ಷಣ ಒತ್ತಿ ಹಿಡಿಯಬೇಕು. ಬೇರೆ ಕ್ಲಬ್ಬುಗಳಲ್ಲಿ ಈ ಪದ್ಧತಿ ನಾನು ನೋಡಿಲ್ಲ, ನಮ್ಮಲ್ಲಿ ಮಾತ್ರ ಅದು ಧರ್ಮವಾಗಿ ಹೋಯಿತು. ಚಂಗಪ್ಪ ಹೊಸಬರ ಪಕ್ಕ ನಿಂತರೆಂದರೆ ಅವರ ಅಂಗೈ ತಾನೇ ಮುಂದೆ ಹೋಗುತ್ತಿತ್ತು. ಎಷ್ಟೋ ಜನರನ್ನು ಆ ಅಂಗೈ ಕಾಪಾಡಿದೆ.

ಈಗ ಪಿಸ್ತೂಲಿಗೆ ಬರೋಣ. ನಮ್ಮಲ್ಲಿ ಹೆಂಗಸರ ತರಗತಿ ಶುರುವಾದಾಗ ದೊಡ್ಡ ಪಿಸ್ತೂಲಿನ ಹಿಡಿ ಹಲವರ ಕೈಗೆ ಒಗ್ಗುತ್ತಿರಲಿಲ್ಲ. ಸಣ್ಣವನ್ನು ತರಿಸಿದೆವು. ಸಣ್ಣದರ ಸಂಕಟವೇ ಬೇರೆ. ಗುಂಡು ಹಾರಿದಾಗ ಎಲ್ಲ ಪಿಸ್ತೂಲಿನ ಮೂತಿಯೂ ಮೇಲಕ್ಕೆ ಎಗರುತ್ತದೆ, ಗಾತ್ರ ಮತ್ತು ತೂಕ ಕಡಿಮೆಯಾದಷ್ಟೂ ಎಗರಾಟ ಜಾಸ್ತಿ. ಚೋಟು ಮೆಣಸಿನಕಾಯಿ ಎಂದು ಬಾಯಿಗೆ ಹಾಕಿಕೊಂಡ ಹಾಗೆ. ತರಗತಿ ಮುಗಿಸಿದವರು ಮಣಿಕಟ್ಟು ಉಜ್ಜಿಕೊಂಡು ಹೋಗಿ ಮತ್ತೆ ಬರುತ್ತಲೇ ಇರಲಿಲ್ಲ.

ಬೂ ಸಯೀದ್ ಒಂದು ಪ್ರದರ್ಶನಕ್ಕೆ ಹೋಗಿ ಬಂದವರು ಮುಖ ಅರಳಿಸಿಕೊಂಡಿದ್ದರು. ಪರಿಹಾರ ಸಿಕ್ಕಿದೆ, ಪೋರ್ಟೆಡ್ ಬ್ಯಾರೆಲ್ ಎಂದರು. ಕೆಲವು ದಿನಗಳಲ್ಲಿ ಪೆಟ್ಟಿಗೆಯೂ ಬಂತು. ವಿಷಯ ಸರಳ. ನಳಿಗೆಯ ತುದಿಯ ಹತ್ತಿರ, ಮೇಲ್ಭಾಗದಲ್ಲಿ ತೂತುಗಳಿರುತ್ತವೆ. ಅದನ್ನು ಮುಚ್ಚುವ ಸ್ಲೈಡಿನಲ್ಲೂ ಅದೇ ಜಾಗದಲ್ಲಿ ಕಿಂಡಿ. ಗುಂಡು ಹೊರಬೀಳುವ ಮೊದಲೇ ಅದರ ಹಿಂದಿನ ಬಿಸಿ ಗ್ಯಾಸಿನ ಒಂದು ಪಾಲು ಈ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ, ಚಿಮ್ಮುವ ರಭಸಕ್ಕೆ ಮೂತಿ ಕೆಳಕ್ಕೆ ಒತ್ತಿಕೊಳ್ಳುತ್ತದೆ. ಹೊಡೆದು ನೋಡಿದೆವು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಸಣ್ಣ ಪಿಸ್ತೂಲು ದೊಡ್ಡದರ ಹಾಗೆ ಸುಮ್ಮನೆ ಕೂರುತ್ತಿತ್ತು, ಎರಡನೆಯ ಗುಂಡಿಗೆ ಗುರಿ ಹುಡುಕಬೇಕಾಗಿಯೇ ಇರಲಿಲ್ಲ.

ಆದರೆ ಉಜ್ಜುವವನು ನಾನು ತಾನೇ? ಆ ತೂತುಗಳಲ್ಲಿ ಮಸಿ ಕಟ್ಟಿಕೊಂಡರೆ ಬ್ರಷ್ ಹಿಡಿದು ಗಂಟೆಗಟ್ಟಲೆ ಕೂರಬೇಕು. ಗುರಿ ನೋಡುವ ಮೊಳೆ ತೂತಿನ ಹತ್ತಿರವೇ ಇರುವುದರಿಂದ ಅದು ಕಪ್ಪಾಗಿ ಕಾಣದಂತಾಗುತ್ತಿತ್ತು. ಒಳಾಂಗಣದಲ್ಲಿ ಸದ್ದು ಕಿವಿಗೆ ಬಡಿಯುತ್ತಿತ್ತು, ಪಕ್ಕದ ಲೇನಿನವರು ದೂರು ಕೊಡುತ್ತಿದ್ದರು. ದೀಪ ಮಂದ ಮಾಡಿದರೆ ಕಣ್ಣೆದುರೇ ಬೆಂಕಿ. ಅಗ್ಗದ ತೋಟೆ ಹಾಕಿದರೆ ಗುಂಡಿನ ಮೇಲಿನ ತೆಳು ತಾಮ್ರದ ಲೇಪ ಆ ತೂತಿನ ಅಂಚಿಗೆ ಕೆರೆದು ಚೂರು ಚೂರಾಗಿ ಹಾರುತ್ತಿತ್ತು, ಕನ್ನಡಕದ ಮೇಲೆ ನಾನೇ ಕಂಡಿದ್ದೇನೆ. ಗುಂಡಿನ ವೇಗವೂ ಚೂರು ಇಳಿಯುತ್ತದೆ, ಕಾಗದದ ಗುರಿಗೆ ಅದರಿಂದ ನಷ್ಟವಿಲ್ಲ ಬಿಡಿ. ಇದನ್ನೆಲ್ಲ ಬೂ ಸಯೀದರ ಮುಂದೆ ಹೇಳಿದೆ. ನಿನಗೆ ಉಜ್ಜಲು ಸೋಮಾರಿತನ ಎಂದರು. ಅದೂ ಅರ್ಧ ನಿಜವೇ ಆಗಿತ್ತು. ಖರ್ಜೂರದ ಡಬ್ಬಿ ಮುಂದೆ ಬಂತು, ನಾನು ಎರಡು ತಿಂದು ಎದ್ದು ಬಂದೆ.

ಮೊದಲ ವಾರಗಳಲ್ಲಿ ಆ ಪಿಸ್ತೂಲುಗಳನ್ನು ಅನುಭವಸ್ಥರು ಮಾತ್ರ ಹಾರಿಸಿದರು. ಅನುಭವಸ್ಥರ ಮೇಲೆ ಯಾರೂ ಅಂಗೈ ಹಿಡಿಯುವುದಿಲ್ಲ. ಹೆಂಗಸರ ತರಗತಿಗೆ ಅವು ಹೋದದ್ದು ಅದಾದ ಮೇಲೆ. ತೂತು ಮೇಲಕ್ಕೆ ಉಗುಳುತ್ತದೆಂದು ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಹೊಸಬರ ಪಿಸ್ತೂಲಿನ ಮೇಲೆ ಅಂಗೈ ಇರುತ್ತದೆಂದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

ತೂತಿನ ಪಿಸ್ತೂಲು ತರಗತಿಗೆ ಹೋದ ಮೊದಲ ದಿನ ಬಂದವರು ಶ್ರುತಿ ಎಂಬ ಬೆಂಗಳೂರಿನ ಹೆಣ್ಣುಮಗಳು. ದುಬೈಯಲ್ಲಿ ಕಂಪ್ಯೂಟರ್ ಆಫೀಸಿನ ಕೆಲಸ, ರಜೆಯ ದಿನ ಕಾರು ಓಡಿಸಿಕೊಂಡು ಬಂದಿದ್ದರು. ಚಂಗಪ್ಪ ಪಿಸ್ತೂಲು ಹಿಡಿಯುವುದು ಹೇಗೆ, ನಿಲ್ಲುವುದು ಹೇಗೆ ಎಂದು ಕನ್ನಡದಲ್ಲೇ ಹೇಳಿಕೊಟ್ಟರು. ನಾನು ಗಾಜಿನಾಚೆ ಇದ್ದೆ. ಅವರ ಅಂಗೈ ಎಂದಿನಂತೆ ಮುಂದೆ ಹೋಯಿತು. ಮೊದಲ ಗುಂಡು ಹಾರಿತು.

ತೂತಿನ ಬೆಂಕಿ ಚಂಗಪ್ಪನವರ ಅಂಗೈಗೇ ಬಡಿಯಿತು. ಅವರು ಎಡಗೈಯಿಂದ ಪಿಸ್ತೂಲನ್ನು ತೆಗೆದುಕೊಂಡು ಮೇಜಿಗೆ ಒತ್ತಿ ಮ್ಯಾಗಜೀನ್ ಬೀಳಿಸಿದರು, ಒಳಗಿದ್ದ ತೋಟೆ ಹೊರಹಾಕಿದರು, ಮೂತಿ ಗುರಿಯ ಕಡೆ ಮಾಡಿ ಇಟ್ಟರು. ಇದೆಲ್ಲ ಆದ ಮೇಲೆ ಬಲಗೈಯನ್ನು ಎಡ ಕಂಕುಳಲ್ಲಿ ಒತ್ತಿ ಹಿಡಿದು ಗೋಡೆಗೆ ಒರಗಿದರು. ಮೇಜಿನ ಮೇಲೆ ಬಿದ್ದ ರಕ್ತದ ಹನಿ ಕಂಡು ಆ ಹೆಣ್ಣುಮಗಳು ಬಿಳಿಚಿಕೊಂಡರು.

“ಸರ್, ನಾನೇನ್ ಮಾಡ್ದೆ? ಏನಾದ್ರೂ ರಾಂಗ್ ಆಗಿ ಒತ್ಬಿಟ್ನಾ?”

“ನೀವೇನೂ ಮಾಡ್ಲಿಲ್ಲ ಮೇಡಂ,” ಎಂದರು ಚಂಗಪ್ಪ. “ನಿಮ್ಮ ಗುಂಡು ಹೋಗ್ಬೇಕಾದ ಕಡೆಗೇ ಹೋಗಿದೆ.”

ಆಸ್ಪತ್ರೆಗೆ ನಾನೇ ಕಾರು ಓಡಿಸಿದೆ. ದಾರಿಯಲ್ಲಿ ಅವರು ಒಂದೇ ಮಾತು ಕೇಳಿದರು, ಪಿಸ್ತೂಲನ್ನು ಬೀಗದೊಳಗಿಟ್ಟು ಬಂದಿರಾ ಎಂದು. ಅಂಗೈಯ ಚರ್ಮ ಸುಟ್ಟಿತ್ತು, ಮದ್ದಿನ ಕಣಗಳು ಎಳ್ಳು ಚೆಲ್ಲಿದಂತೆ ಒಳಗೆ ಹೊಕ್ಕಿದ್ದವು. ಅವೆಲ್ಲ ವಾಸಿಯಾಗುತ್ತವೆ ಎಂದರು ಡಾಕ್ಟರು. ಆದರೆ ತಾಮ್ರದ ಒಂದು ಚೂರು ಹೆಬ್ಬೆರಳಿನ ಬುಡದಲ್ಲಿ ಆಳಕ್ಕೆ ಇಳಿದಿತ್ತು. ಅದನ್ನು ತೆಗೆದರು. ಹೆಬ್ಬೆರಳಿಗೆ ಮೊದಲಿನ ಬಲ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ, ಕಾದು ನೋಡಬೇಕು ಎಂದರು.

ಕಾಯುವುದಕ್ಕೆ ಇದ್ದ ಸಮಯ ಕಡಿಮೆ. ಇನ್‌ಸ್ಟ್ರಕ್ಟರ್ ಆದವರು ವರ್ಷಕ್ಕೊಮ್ಮೆ ಹೊರಗಿನ ಪರೀಕ್ಷಕರ ಮುಂದೆ ಗುಂಡು ಹಾರಿಸಿ ಪಾಸಾಗಬೇಕು, ಆಗಲೇ ಕಾರ್ಡ್ ನವೀಕರಣ. ಚಂಗಪ್ಪನವರ ಕಾರ್ಡು ಕೆಲವೇ ತಿಂಗಳಲ್ಲಿ ಮುಗಿಯುತ್ತಿತ್ತು. ಕಾರ್ಡ್ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ವೀಸಾ ಇಲ್ಲ. ಅವರ ವೀಸಾದ ಮೇಲೆಯೇ ಹೆಂಡತಿಯೂ ಮಗಳೂ ಇದ್ದರು. ಮಗಳು ಹನ್ನೆರಡನೆಯ ತರಗತಿಯಲ್ಲಿ, ಬೋರ್ಡ್ ಪರೀಕ್ಷೆಯ ವರ್ಷ. ನಡುವೆ ಶಾಲೆ ಬಿಡಿಸಿ ಊರಿಗೆ ಕರೆದುಕೊಂಡು ಹೋಗುವುದು ಹೇಗೆ ಎಂದು ಅವರು ನನ್ನ ಹತ್ತಿರ ಹೇಳಲಿಲ್ಲ. ಆದರೆ ಮಗಳು ಕೋಣೆಗೆ ಬಂದು ಕೂತಾಗಲೆಲ್ಲ ಬ್ಯಾಂಡೇಜಿನ ಕೈಯನ್ನು ಹೊದಿಕೆಯೊಳಗೆ ಸರಿಸುತ್ತಿದ್ದರು.

ಬೂ ಸಯೀದ್ ಆಸ್ಪತ್ರೆಗೆ ಬಂದರು. ಪಿಸ್ತೂಲು ತರಿಸಿದ್ದೂ ಅವರೇ, ಅಂಗೈಯ ಹುಕುಂ ಹೊರಡಿಸಿದ್ದೂ ಅವರೇ. ಕಾರ್ಡಿನ ಪರೀಕ್ಷೆಯವರೆಗೆ ಚಂಗಪ್ಪ ರಿಸೆಪ್ಷನ್ನಿನಲ್ಲಿ ಕೂರಲಿ, ಪರೀಕ್ಷೆ ಮಾತ್ರ ಅವರೇ ಗೆಲ್ಲಬೇಕು, ಅದರಲ್ಲಿ ತನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಮರುದಿನವೇ ಹಳೆಯ ಹುಕುಂ ರದ್ದಾಯಿತು. ಅಂದಿನಿಂದ ಹೊಸಬರ ಪಿಸ್ತೂಲಿಗೆ ಒಮ್ಮೆಗೆ ಒಂದೇ ತೋಟೆ ಹಾಕುವುದು, ಇನ್‌ಸ್ಟ್ರಕ್ಟರಿನ ಕೈ ಹೊಸಬರ ಮೊಣಕೈಯ ಹಿಂದೆ ಇರುವುದು. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿಸುವುದು, ಇದನ್ನು ನಾನೇ ಸೇರಿಸಿದೆ. ತೂತಿನ ಪಿಸ್ತೂಲುಗಳನ್ನು ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಲು ಹೇಳಿದರು. ಕಳಿಸುವ ಕಾಗದಪತ್ರ ಆಗುವವರೆಗೆ ನಾನು ಸಂತೋಷದಿಂದ ಬೀಗ ಹಾಕಿಟ್ಟೆ.

ಬ್ಯಾಂಡೇಜ್ ಬಿಚ್ಚಿದ ಮೇಲೆ ಡಾಕ್ಟರು ಮೆತ್ತಗಿನ ಚೆಂಡು ಹಿಸುಕಲು ಹೇಳಿದ್ದರು. ಚಂಗಪ್ಪನವರಿಗೆ ಅದು ನಾಚಿಕೆ. ಅವರ ಹೆಂಡತಿ ಬೇರೆ ಉಪಾಯ ಮಾಡಿದರು, ಕಡಂಬುಟ್ಟು ಕಟ್ಟಲು ಕೂರಿಸಿದರು. ಅದು ಕೊಡಗಿನವರ ಅಕ್ಕಿತರಿಯ ಉಂಡೆ, ಬಿಸಿಯಿರುವಾಗಲೇ ಅಂಗೈಯಲ್ಲಿ ಒತ್ತಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಶುಕ್ರವಾರ ಅಲ್ ಮೀನಾದ ಮಾರ್ಕೆಟ್ಟಿನಿಂದ ಮೀನು ತರುವ ಕೆಲಸ ನನ್ನದು. ಆ ಉಂಡೆಗೆ ಅವರ ಕಡೆ ನಾನು ತಿನ್ನದ ಯಾವ ಮಾಂಸದ ಸಾರು ಹೊಂದುತ್ತದೆಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ನನ್ನ ಮುಂದೆ ಮೀನು ಸಾರಲ್ಲದೆ ಬೇರೇನನ್ನೂ ಯಾವತ್ತೂ ಬಡಿಸಲಿಲ್ಲ. ಮೊದಮೊದಲಿನ ಉಂಡೆಗಳು ತಟ್ಟೆಗೆ ಬೀಳುವ ಮೊದಲೇ ಒಡೆಯುತ್ತಿದ್ದವು. ಇದೇನು ಉಪ್ಪಿಟ್ಟಾ ಎಂದು ನಾನು ಕೀಟಲೆ ಮಾಡುತ್ತಿದ್ದೆ. ವಾರ ಕಳೆದಂತೆ ಉಂಡೆ ಗಟ್ಟಿಯಾಯಿತು, ಆದರೆ ಹೆಬ್ಬೆರಳು ಒತ್ತಿದ ಕಡೆ ಸ್ವಲ್ಪ ಚಪ್ಪಟೆಯಾಗಿಯೇ ಉಳಿಯಿತು.

ಕಾರ್ಡಿನ ಪರೀಕ್ಷೆ ಹತ್ತಿರ ಬಂತು. ಚಂಗಪ್ಪ ತಮ್ಮ ಎಂದಿನ ದೊಡ್ಡ ಪಿಸ್ತೂಲು ಹಿಡಿದು ಅಭ್ಯಾಸಕ್ಕೆ ಇಳಿದರು. ಗುರಿ ಸರಿಯಾಗಿತ್ತು, ಮೊದಲ ಗುಂಡು ನಡುವಿಗೇ ಬೀಳುತ್ತಿತ್ತು. ಆದರೆ ಹೆಬ್ಬೆರಳು ಬಿಗಿ ಹಿಡಿಯದೆ ಮೂತಿ ಎಗರಿ, ಹಿಡಿ ಅಂಗೈಯೊಳಗೇ ತಿರುಗುತ್ತಿತ್ತು. ಮತ್ತೆ ಹಿಡಿದು ಗುರಿಯಿಡುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ಕೊನೆಯ ಹಂತವಂತೂ ಒಂಟಿ ಕೈಯದ್ದು, ಬಲಗೈ ಮಾತ್ರ. ಅದರಲ್ಲಿ ಒಂದು ದಿನವೂ ಪಾಸಾಗಲಿಲ್ಲ.

ಒಂದು ಮಧ್ಯಾಹ್ನ ಅಭ್ಯಾಸ ಮುಗಿಸಿ ಕೋವಿ ಕೋಣೆಯ ನನ್ನ ಕಿಟಕಿಗೆ ಬಂದು ನಿಂತರು.

“ಹಮೀದಾಕ, ಆ ತೂತಿನದ್ದು ವಾಪಸ್ ಹೋಯ್ತಾ?”

“ಇಲ್ಲ, ಇಲ್ಲೇ ಉಂಟು. ಅದರ ಹೆಸರು ಎತ್ತಬೇಡಿ ಮಾರಾಯ್ರೆ. ಒಂದು ಕೈ ತಿಂದದ್ದು ಸಾಕಾಗ್ಲಿಲ್ವ ಅದಕ್ಕೆ?”

“ಅದು ಸುಟ್ಟಿದ್ದು ನಾನು ಕೈ ಮೇಲೆ ಇಟ್ಟಿದ್ದಕ್ಕೆ. ಕೆಳಗೆ ಹಿಡಿದ್ರೆ ಅದೇ ಗ್ಯಾಸು ಮೂತೀನ ಒತ್ತಿ ಹಿಡಿಯುತ್ತಲ್ವಾ? ನನ್ನ ಹೆಬ್ಬೆರಳಿಗೆ ಆಗದ ಕೆಲಸ ಅದು ಮಾಡ್ಲಿ, ಕೊಡಿ.”

ನನಗೆ ಸಿಟ್ಟೇ ಬಂತು. ಕೈ ಸುಟ್ಟುಕೊಂಡವನು ಒಲೆಯನ್ನೇ ಅಪ್ಪಿಕೊಳ್ಳುವುದುಂಟೇ? ಆದರೆ ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಸಿಗಲಿಲ್ಲ. ಇಬ್ಬರೂ ಬೂ ಸಯೀದರ ಹತ್ತಿರ ಹೋದೆವು. ಕ್ಲಬ್ಬಿಗೆ ಸೇರಿದ ಯಾವ ಪಿಸ್ತೂಲಾದರೂ ಆದೀತು ಎಂದು ನಿಯಮದಲ್ಲಿ ಇತ್ತು. ಅವರು ಚಂಗಪ್ಪನವರ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಉಳಿದುಹೋಗಿದ್ದ ಕಪ್ಪು ಚುಕ್ಕೆಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ‘ಮಾಫಿ ಮುಷ್ಕಿಲ್’ ಎಂದರು, ತೊಂದರೆ ಇಲ್ಲ ಎಂದು.

ಇನ್ನು ನನ್ನ ಪಾಲಿನ ಕೆಲಸ. ಹಿಡಿತ ಸಡಿಲವಾದರೆ ಸಣ್ಣ ಪಿಸ್ತೂಲು ತೋಟೆಯನ್ನು ಸರಿಯಾಗಿ ಉಗುಳದೆ ನಡುವೆ ಸಿಕ್ಕಿಸಿಕೊಳ್ಳುತ್ತದೆ. ದುರ್ಬಲ ತೋಟೆಯಾದರೆ ಗ್ಯಾಸೂ ಕಡಿಮೆ, ತೂತಿನ ಪ್ರಯೋಜನವೂ ಕಡಿಮೆ. ಪೂರ್ತಿ ಬಲದ, ದಪ್ಪ ತಾಮ್ರದ ಕವಚದ ತೋಟೆಗಳನ್ನೇ ಆರಿಸಿದೆ. ತೂತುಗಳನ್ನು ಉಜ್ಜಿದೆ, ಗುರಿಯ ಮೊಳೆ ಒರೆಸಿದೆ. ಫೋನ್ ಮಾಡಿ ಪೋರ್ಟೆಡ್ ಬ್ಯಾರೆಲ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಕೈ ಪಳಗಿದವರಿಗೆ, ಬೇಗ ಬೇಗ ಹಾರಿಸಬೇಕಾದವರಿಗೆ, ಕೈ ಸೋತವರಿಗೆ ಅದು ಉಪಕಾರಿ. ಹೊಸಬರಿಗೆ, ಮಂದ ಬೆಳಕಿಗೆ, ಎದೆಯ ಹತ್ತಿರ ಹಿಡಿದು ಹಾರಿಸುವುದಕ್ಕೆ ಬೇಡ. ಕೊಡುವ ಮೊದಲು ಸುತ್ತ ಯಾರ ಕೈ ಎಲ್ಲಿದೆ, ಯಾರ ಮುಖ ಎಲ್ಲಿದೆ ಎಂದು ನೋಡಿ.

ಪರೀಕ್ಷೆಯ ಬೆಳಿಗ್ಗೆ ಬಂದ ಪರೀಕ್ಷಕರು ಮಾತು ಕಡಿಮೆಯ ಮನುಷ್ಯ. ತೂತಿನ ಪಿಸ್ತೂಲು ನೋಡಿ ಹುಬ್ಬೇರಿಸಿದರು, ಚಂಗಪ್ಪನವರ ಕೈ ನೋಡಿ ಇಳಿಸಿದರು. ಮೊದಲ ಹಂತಗಳು ಸುಸೂತ್ರವಾಗಿ ಮುಗಿದವು. ಗಾಜಿನಾಚೆ ನನ್ನ ಪಕ್ಕ ನಿಂತಿದ್ದ ಬೂ ಸಯೀದ್ ತಸ್ಬಿಯ ಜಪಮಣಿ ತಿರುಗಿಸುತ್ತಿದ್ದರು. ಒಂಟಿ ಕೈಯ ಹಂತ ಬಂತು. ಚಂಗಪ್ಪ ಎಡಗೈಯನ್ನು ಎದೆಗೆ ಒತ್ತಿಕೊಂಡು ಬಲಗೈ ಚಾಚಿದರು. ಮೊದಲ ಗುಂಡಿಗೆ ಹಿಡಿ ಕೊಂಚ ತಿರುಗಿತು. ನನ್ನ ಪಕ್ಕದ ತಸ್ಬಿ ನಿಂತಿತು. ಹೆಬ್ಬೆರಳು ಒಂದು ಸಲ ಸಡಿಲಾಗಿ ಮತ್ತೆ ಬಿಗಿಯಾದದ್ದು ನನಗೆ ಕಂಡಿತು. ಆಮೇಲೆ ಒಂದರ ಹಿಂದೆ ಒಂದು ಗುಂಡು. ಪ್ರತಿ ಸಲವೂ ತೂತಿನಿಂದ ಬೆಂಕಿ ಮೇಲಕ್ಕೆ ಚಿಮ್ಮಿತು, ಮೂತಿ ಮಾತ್ರ ಇದ್ದಲ್ಲೇ ಇತ್ತು.

ಪರೀಕ್ಷಕರು ಗುರಿಯ ಕಾಗದ ತರಿಸಿ, ಬೆರಳಿಟ್ಟು ಲೆಕ್ಕ ಮಾಡಿ, ‘ಮಬ್ರೂಕ್’ ಎಂದರು. ಅಭಿನಂದನೆ ಎಂದು ಅರ್ಥ, ಅವರು ಅಂದು ಆಡಿದ ದೊಡ್ಡ ಮಾತು ಅದೊಂದೇ. ಬೂ ಸಯೀದ್ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು. ನಾನು ಸ್ಟೂಲು ಎಳೆದುಕೊಂಡು ಕುಳಿತೆ.

ಚಂಗಪ್ಪ ಪಿಸ್ತೂಲನ್ನು ಖಾಲಿ ಮಾಡಿ, ಸ್ಲೈಡ್ ಹಿಂದಕ್ಕೆಳೆದು ತೋರಿಸಿ, ನನ್ನ ಕಿಟಕಿಯಲ್ಲಿಟ್ಟರು. ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿ ಬಂದರು. ಮತ್ತೆ ಕಿಟಕಿಗೆ ಬಂದು ಬಲಗೈ ಚಾಚಿದರು. ಪಾಪ, ನೋಯುತ್ತದೆ ಎಂದು ನಾನು ಮೆಲ್ಲಗೆ ಹಿಡಿದೆ. ಅವರು ಹೆಬ್ಬೆರಳನ್ನು ನನ್ನ ಮುಂಗೈಗೆ ಒತ್ತಿ ಹಿಂಡಿದರು. ಬೆರಳ ಗಂಟುಗಳು ಲಟಕ್ಕೆಂದವು, ನನಗೆ ಕಣ್ಣಲ್ಲಿ ನೀರು ಬಂತು.

“ಬಿಡಿ ಮಾರಾಯ್ರೆ, ನೋಯ್ತದೆ,” ಎಂದೆ. ಬಿಡುವುದು ಬೇಡ ಎನಿಸುತ್ತಿತ್ತು.